ಪಾತ್ರೆ ಒಂದೇ, ತಟ್ಟೆ ಬೇರೆ

ಮನೆಯಲ್ಲಿ ಒಬ್ಬರಿಗೆ ಶುಗರ್ ಇದೆ ಅಂತ ಗೊತ್ತಾದ ಕೂಡಲೇ ಒಲೆಯ ಮೇಲೆ ಇನ್ನೊಂದು ಚಿಕ್ಕ ಪಾತ್ರೆ ಏರುತ್ತದೆ. ಎಲ್ಲರ ಅಡುಗೆ ದೊಡ್ಡ ಪಾತ್ರೆಯಲ್ಲಿ, "ಅವರದ್ದು" ಚಿಕ್ಕ ಪಾತ್ರೆಯಲ್ಲಿ. ಅದರಲ್ಲಿ ಎಣ್ಣೆ ಇರುವುದಿಲ್ಲ, ಖಾರ ಇರುವುದಿಲ್ಲ, ರುಚಿಯೂ ಇರುವುದಿಲ್ಲ. ಮಾಡುವವರಿಗೆ ಪ್ರೀತಿ ಇದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ ಆ ಚಿಕ್ಕ ಪಾತ್ರೆ ಒಬ್ಬರಿಗೆ "ನೀವು ಬೇರೆ" ಅಂತ ನೆನಪಿಸುತ್ತಲೇ ಇರುತ್ತದೆ. ಕೆಲವು ವಾರ ಅವರು ಸಹಿಸಿಕೊಳ್ಳುತ್ತಾರೆ. ಆಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ದೊಡ್ಡ ಪಾತ್ರೆಯ ಮುಚ್ಚಳ ತೆಗೆಯುತ್ತಾರೆ. ಅದು ಅವರ ತಪ್ಪು ಅಂತ ನನಗೆ ಅನಿಸುವುದಿಲ್ಲ.

ನಮ್ಮ ಅಪ್ಪನಿಗೆ ಟೈಪ್ 2 ಡಯಾಬಿಟಿಸ್, ಅಂದರೆ ಹೆಚ್ಚಾಗಿ ದೊಡ್ಡವರಿಗೆ ಬರುವ ಥರದ ಶುಗರ್, ಇದೆ. ಗೊತ್ತಾದಾಗ ಅವರು ಹೇಳಿದ್ದು ಇಷ್ಟೇ: "ನಿಮಗೊಂದು, ನನಗೊಂದು ಅಂತ ಮಾಡಬೇಡಮ್ಮ. ಎಲ್ಲರಿಗೂ ಏನು ಮಾಡ್ತೀಯೋ ನನಗೂ ಅದೇ ಇರಲಿ. ಎಷ್ಟು ತಿನ್ನಬೇಕು ಅನ್ನೋದನ್ನ ಮಾತ್ರ ನೋಡ್ಕೊಳ್ಳೋಣ." ನಮ್ಮ ಮನೆಯ ಅಡುಗೆ ಇವತ್ತಿಗೂ ಈ ಮಾತಿನಂತೆಯೇ ನಡೆಯುತ್ತಿದೆ. ಪಾತ್ರೆ ಎಲ್ಲರಿಗೂ ಒಂದೇ. ವ್ಯತ್ಯಾಸ ಏನಿದ್ದರೂ ಬಡಿಸುವಾಗ.

ಸಕ್ಕರೆ ಕಾಯಿಲೆಯ ಊಟ ಅಂದರೆ ಶಿಕ್ಷೆ ಅನ್ನುವ ಭಾವನೆಗೆ ಒಂದು ಇತಿಹಾಸ ಇದೆ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಔಷಧಿಯಾಗಿ ಬರುವ ಮೊದಲು ಅಮೆರಿಕದ ವೈದ್ಯ ಫ್ರೆಡೆರಿಕ್ ಆಲನ್ ರೋಗಿಗಳನ್ನು ಅರೆಹೊಟ್ಟೆಯಲ್ಲಿ ಇಟ್ಟು ಬದುಕಿಸುತ್ತಿದ್ದರು. ಮಕ್ಕಳು ಕೂಡ ದಿನಕ್ಕೆ ಕೆಲವೇ ನೂರು ಕ್ಯಾಲೊರಿಯಲ್ಲಿ ಇರಬೇಕಿತ್ತು. ಆಗ ಬೇರೆ ದಾರಿಯೇ ಇರಲಿಲ್ಲ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಅದನ್ನು ಮೊದಲ ಸಲ ಕೊಟ್ಟರು. ಅಲ್ಲಿಂದ ಔಷಧಿ ಎಷ್ಟೋ ಮುಂದೆ ಬಂದಿದೆ. ಊಟದ ಬಗ್ಗೆ ನಮ್ಮ ಭಯ ಮಾತ್ರ ಇನ್ನೂ ಆ ಕಾಲದಲ್ಲೇ ಇದೆ.

ಒಂದೇ ಪಾತ್ರೆ ಇರಬೇಕು ಅನ್ನುವುದಕ್ಕೆ ಅಪ್ಪನ ಮನಸ್ಸು ನೋಯಬಾರದು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಉಳಿದ ನಾವೆಲ್ಲ. ಟೈಪ್ 2 ಕುಟುಂಬದಲ್ಲಿ ಹರಿದು ಬರುತ್ತದೆ. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಜಾಸ್ತಿ. ರಕ್ತಸಂಬಂಧ ಇಲ್ಲದ ಗಂಡ ಹೆಂಡತಿಯಲ್ಲೂ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಸ್ವಲ್ಪ ಹೆಚ್ಚೇ, ಯಾಕೆಂದರೆ ಅವರ ಊಟ, ನಿದ್ದೆ, ಓಡಾಟ ಎಲ್ಲ ಒಂದೇ ಥರ. ಅಂತರರಾಷ್ಟ್ರೀಯ ಡಯಾಬಿಟಿಸ್ ಫೆಡರೇಶನ್ 2024ಕ್ಕೆ ಕೊಟ್ಟ ಅಂದಾಜಿನಂತೆ ಜಗತ್ತಿನಲ್ಲಿ 58.9 ಕೋಟಿ ವಯಸ್ಕರಿಗೆ ಈ ಕಾಯಿಲೆ ಇದೆ. ಸುಮಾರು ಒಂಬತ್ತು ಜನರಲ್ಲಿ ಒಬ್ಬರು. ಅವರಲ್ಲಿ ಹತ್ತಕ್ಕೆ ನಾಲ್ಕು ಮಂದಿಗೆ ತಮಗೆ ಶುಗರ್ ಇರುವುದೇ ಗೊತ್ತಿಲ್ಲ. ಅಂದಮೇಲೆ ದೊಡ್ಡ ಪಾತ್ರೆಯಿಂದ ಉಣ್ಣುವವರೂ ಸ್ವಲ್ಪ ಯೋಚಿಸಬೇಕು, ಅಲ್ವಾ?

ಒಳ್ಳೆಯ ಸುದ್ದಿಯೂ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಹೊರಬಂತು. ಅದರಲ್ಲಿ ಇದ್ದವರು ಶುಗರ್ ಬರುವ ಅಂಚಿನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನ. ಊಟ ಸುಧಾರಿಸಿ, ಸ್ವಲ್ಪ ತೂಕ ಇಳಿಸಿ, ವಾರಕ್ಕೆ 150 ನಿಮಿಷ ನಡೆದವರಲ್ಲಿ ಕಾಯಿಲೆ ಬರುವುದು 58 ಶೇಕಡ ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ 31 ಶೇಕಡ. ಅಪ್ಪನಿಗೆ ಒಪ್ಪುವ ಊಟ ನಮ್ಮನ್ನೂ ಕಾಯುತ್ತದೆ ಅನ್ನುವ ಧೈರ್ಯ ನನಗೆ ಬಂದಿದ್ದು ಇಲ್ಲಿಂದ.

ಸರಿ, ಆ ಊಟ ಹೇಗಿರಬೇಕು? ಮೊದಲು ಒಂದು ವಿಷಯ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ಅನ್ನ, ಬ್ರೆಡ್, ಆಲೂಗಡ್ಡೆ ಇವುಗಳಲ್ಲಿರುವ ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದದ ಸರ. ಹೊಟ್ಟೆಗೆ ಹೋದಮೇಲೆ ಸರ ಕಿತ್ತು ಮಣಿಗಳು ರಕ್ತಕ್ಕೆ ಸೇರುತ್ತವೆ. ಸಿಹಿ ಇಲ್ಲದ ಆಹಾರವೂ ಶುಗರ್ ಏರಿಸುವುದು ಇದಕ್ಕೇ. ಅಡುಗೆ ಮಾಡುವವರ ಕೈಯಲ್ಲಿ ಎರಡು ವಿಷಯ ಇವೆ: ಎಷ್ಟು ಪಿಷ್ಟ ಹೋಗುತ್ತದೆ, ಎಷ್ಟು ಬೇಗ ಹೋಗುತ್ತದೆ.

ಈ "ಎಷ್ಟು ಬೇಗ" ಅನ್ನುವುದಕ್ಕೆ ಅಳತೆ ಕೊಟ್ಟವರು ಡೇವಿಡ್ ಜೆಂಕಿನ್ಸ್. ಅವರು ಟೊರಾಂಟೊ ವಿಶ್ವವಿದ್ಯಾಲಯದವರು, ವರ್ಷ 1981. ಶುದ್ಧ ಗ್ಲೂಕೋಸ್ 100 ಅಂತ ಇಟ್ಟುಕೊಂಡರೆ 55ರವರೆಗೆ ಕಡಿಮೆ, 70 ಮತ್ತು ಮೇಲೆ ಜಾಸ್ತಿ. ಇದೇ ಗ್ಲೈಸೆಮಿಕ್ ಇಂಡೆಕ್ಸ್. ಆದರೆ ಈ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಅಡುಗೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಹಳೆಯ ಪಟ್ಟಿಗಳಲ್ಲಿ ಕಲ್ಲಂಗಡಿ ಹಣ್ಣಿಗೆ 72 ಅಂತ ಇದೆ. ನೋಡಿದವರು ಹೆದರುತ್ತಾರೆ. ಆದರೆ 100 ಗ್ರಾಂ ಕಲ್ಲಂಗಡಿಯಲ್ಲಿ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ ಎಲ್ಲ ಸೇರಿ) ಇರುವುದು ಏಳೆಂಟು ಗ್ರಾಂ ಮಾತ್ರ, ಉಳಿದದ್ದು ಬಹುಪಾಲು ನೀರು. ಒಂದೆರಡು ತುಂಡಿನಿಂದ ಏನೂ ಆಗುವುದಿಲ್ಲ. ಮೇಲಾಗಿ ಆ ಅಳತೆ ಖಾಲಿ ಹೊಟ್ಟೆಯಲ್ಲಿ ಒಂದೇ ಪದಾರ್ಥ ತಿಂದಾಗ ಬಂದಿದ್ದು. ಮನೆಯಲ್ಲಿ ಯಾರು ಹಾಗೆ ಊಟ ಮಾಡುತ್ತಾರೆ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ 800 ಜನರ ಮೇಲೆ ಅಧ್ಯಯನ ಮಾಡಿ ತೋರಿಸಿದ್ದು ಇನ್ನೂ ಮುಖ್ಯ. ಒಂದೇ ಆಹಾರ ತಿಂದರೂ ಒಬ್ಬೊಬ್ಬರಿಗೆ ಶುಗರ್ ಏರುವುದು ಒಂದೊಂದು ಥರ. ಹಾಗಾಗಿ ಪಟ್ಟಿಗಿಂತ ಮನೆಯಲ್ಲಿರುವ ಗ್ಲೂಕೋಮೀಟರ್ ಮಾತು ನಂಬಿ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತು ತಿಂದು ಎರಡು ಗಂಟೆಯ ಮೇಲೆ ಒಮ್ಮೆ ನೋಡಿದರೆ ಆ ಊಟ ಅವರಿಗೆ ಹಿಡಿಸಿತೋ ಇಲ್ಲವೋ ಗೊತ್ತಾಗುತ್ತದೆ.

ಬಡಿಸುವ ಲೆಕ್ಕ ತುಂಬ ಸರಳ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಶನ್ ಹೇಳುವ ತಟ್ಟೆಯ ಅಗಲ ಸುಮಾರು 9 ಇಂಚು. ಅರ್ಧ ತಟ್ಟೆ ಪಿಷ್ಟ ಕಡಿಮೆ ಇರುವ ತರಕಾರಿ. ಕಾಲು ಭಾಗ ಪ್ರೊಟೀನ್. ಇನ್ನು ಕಾಲು ಭಾಗ ಅನ್ನವೋ ಬ್ರೆಡ್ಡೋ. ಆಲೂಗಡ್ಡೆ, ಮೆಕ್ಕೆಜೋಳ, ಬಟಾಣಿ ಈ ಕೊನೆಯ ಕಾಲು ಭಾಗದ ಲೆಕ್ಕಕ್ಕೇ ಬರುತ್ತವೆ. ತರಕಾರಿ ಅಂತ ಅರ್ಧ ತಟ್ಟೆ ಆಲೂಗಡ್ಡೆ ಹಾಕಿಕೊಂಡರೆ ಲೆಕ್ಕ ತಪ್ಪುತ್ತದೆ. ಕಾಲೇಜಿಗೆ ಹೋಗುವ, ಮೈದಾನದಲ್ಲಿ ಓಡಾಡುವ ಮಕ್ಕಳಿಗೆ ಅನ್ನ ಜಾಸ್ತಿ ಬೇಕು. ಅವರು ಅದೇ ಪಾತ್ರೆಯಿಂದ ಎರಡು ಸಲ ಹಾಕಿಸಿಕೊಳ್ಳಲಿ. ಅಡುಗೆ ಬದಲಾಗಬೇಕಿಲ್ಲ.

ಆದರೆ ಅರ್ಧ ತಟ್ಟೆ ತರಕಾರಿ ಅಂತ ಹೇಳುವುದು ಸುಲಭ. ಅಷ್ಟನ್ನು ಖುಷಿಯಿಂದ ತಿನ್ನುವ ಹಾಗೆ ಮಾಡುವುದೇ ನಿಜವಾದ ಕೆಲಸ. ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದೂ ಇಲ್ಲೇ. ತರಕಾರಿಯನ್ನು ನೀರಿನಲ್ಲಿ ಬೇಯಿಸಿ ಮೆತ್ತಗೆ ಮಾಡಿಟ್ಟರೆ ಯಾರೂ ಮುಟ್ಟುವುದಿಲ್ಲ, ಶುಗರ್ ಇರಲಿ ಇಲ್ಲದಿರಲಿ. ಹೂಕೋಸು, ಕ್ಯಾರೆಟ್, ಬದನೆ, ದಪ್ಪ ಮೆಣಸಿನಕಾಯಿ ಇವನ್ನು ಒಂದೇ ಅಳತೆಗೆ ಹೆಚ್ಚಿ, ಎಣ್ಣೆ ಸವರಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಓವನ್ನಿನಲ್ಲಿ 200 ಡಿಗ್ರಿಯ ಶಾಖದಲ್ಲಿ ಅಂಚು ಕಂದಾಗುವವರೆಗೆ ಬಿಡಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆಯಲ್ಲಿ ಜೋರು ಉರಿಯಲ್ಲಿ ಮಾಡಿ. ಒಮ್ಮೆಗೇ ತುಂಬಬೇಡಿ, ತುಂಬಿದರೆ ತರಕಾರಿ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿಯುವುದಿಲ್ಲ. ಆ ಕಂದು ಬಣ್ಣದಲ್ಲೇ ಸಿಹಿಯೂ ಇದೆ, ಘಮವೂ ಇದೆ. ಉರಿಯಿಂದ ಇಳಿಸಿದ ಮೇಲೆ ನಿಂಬೆ ರಸ ಹಿಂಡಿ. ಹುಳಿ ಇದ್ದಾಗ ಉಪ್ಪು ಕಡಿಮೆ ಅನ್ನುವುದು ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಇದು ಮುಖ್ಯ, ಯಾಕೆಂದರೆ ಶುಗರ್ ಇರುವ ತುಂಬ ಜನರಿಗೆ ಬಿಪಿಯೂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ವಯಸ್ಕರಿಗೂ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ.

ಎಣ್ಣೆಯ ಬಗ್ಗೆ ಅತಿ ಭಯ ಬೇಡ. ತಕ್ಕಮಟ್ಟಿಗೆ ಎಣ್ಣೆ, ಎಳ್ಳು, ಬಾದಾಮಿ, ಕಡಲೆಕಾಯಿ ಇದ್ದರೆ ಊಟ ಹೊಟ್ಟೆಯಲ್ಲಿ ನಿಲ್ಲುತ್ತದೆ, ಪಿಷ್ಟ ನಿಧಾನಕ್ಕೆ ಕರಗುತ್ತದೆ. ಕರಿದದ್ದು ದಿನವೂ ಬೇಡ, ಅಷ್ಟೇ.

ಇನ್ನು ಬೇಳೆಕಾಳು. ನನ್ನನ್ನು ಕೇಳಿದರೆ ಈ ಅಡುಗೆಯ ಬೆನ್ನೆಲುಬೇ ಅವು. ಒಂದು ಕಪ್ ಬೇಯಿಸಿದ ಇಡೀ ಮಸೂರ ಕಾಳಿನಲ್ಲಿ ಸುಮಾರು 18 ಗ್ರಾಂ ಪ್ರೊಟೀನ್, 15 ಗ್ರಾಂ ನಾರು ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾದ ನಾರು ಕನಿಷ್ಠ 25 ಗ್ರಾಂ. ಪಿಷ್ಟವೂ ಇದೆ ನಿಜ, ಆದರೆ ಅದು ನಾರಿನ ಜೊತೆ ಕಟ್ಟಿಕೊಂಡಿರುವುದರಿಂದ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ಇನ್ನೊಂದು ಸೊಗಸಾದ ಗುಣವೂ ಇದೆ. ಬೆಳಿಗ್ಗೆ ಕಾಳು ತಿಂದರೆ ಅದರ ಲಾಭ ಮಧ್ಯಾಹ್ನದ ಊಟದ ಮೇಲೂ ಇರುತ್ತದೆ, ಶುಗರ್ ಅಷ್ಟು ಏರುವುದಿಲ್ಲ. ಗ್ರೇವಿ ಗಟ್ಟಿಯಾಗಲು ಮೈದಾ ಅಥವಾ ಕಾರ್ನ್‌ಫ್ಲೋರ್ ಹಾಕುವ ಬದಲು ಒಂದು ಹಿಡಿ ಬೆಂದ ಕಾಳು ರುಬ್ಬಿ ಹಾಕಿ. ಮಕ್ಕಳಿಗೆ ಗೊತ್ತೂ ಆಗುವುದಿಲ್ಲ, ರುಚಿಯೂ ಹೆಚ್ಚುತ್ತದೆ. ಖೀಮಾ ಮಾಡುವವರು ಅರ್ಧದಷ್ಟು ಮಾಂಸದ ಜಾಗದಲ್ಲಿ ಬೇಳೆ ಹಾಕಬಹುದು. ನಾರು ಹೊಸದಾದವರಿಗೆ ಒಮ್ಮೆಗೇ ಜಾಸ್ತಿ ಕೊಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರದಲ್ಲಿ ನಿಧಾನಕ್ಕೆ ಏರಿಸಿ, ನೀರು ಚೆನ್ನಾಗಿ ಕುಡಿಯಲು ಹೇಳಿ.

ಧಾನ್ಯ ಬಿಡಬೇಕಿಲ್ಲ. ಎಷ್ಟು ಇಡಿಯಾಗಿದೆ, ಎಷ್ಟು ಬೆಂದಿದೆ ಅನ್ನುವುದು ನೋಡಿ. ನುಣ್ಣಗೆ ಬೀಸಿದಷ್ಟೂ, ಮುದ್ದೆಯಾಗುವ ಹಾಗೆ ಬೇಯಿಸಿದಷ್ಟೂ ಬೇಗ ಕರಗುತ್ತದೆ. ಇಡೀ ಓಟ್ಸ್‌ಗೂ ಪುಡಿ ಮಾಡಿದ ಇನ್‌ಸ್ಟಂಟ್ ಓಟ್ಸ್‌ಗೂ ವ್ಯತ್ಯಾಸ ಇರುವುದು ಇಲ್ಲೇ. ಪಾಸ್ತಾ ಹಲ್ಲಿಗೆ ಸ್ವಲ್ಪ ಸಿಗುವ ಹಾಗಿದ್ದರೆ ಒಳ್ಳೆಯದು. ಅಕ್ಕಿಯ ಜೊತೆ ಮೂರನೇ ಒಂದು ಭಾಗ ಬಾರ್ಲಿ ಸೇರಿಸಿ ಬೇಯಿಸಿದರೆ ಮನೆಯವರೆಲ್ಲ ಬೇಗ ಒಗ್ಗಿಕೊಳ್ಳುತ್ತಾರೆ. ಬಾರ್ಲಿಗೆ ಹೊತ್ತು ಜಾಸ್ತಿ ಬೇಕು, ಮೊದಲೇ ನೆನೆಸಿಡಿ. ಬೇಯಿಸಿ ತಣ್ಣಗಾಗಿಸಿದ ಅನ್ನ, ಆಲೂಗಡ್ಡೆಯಲ್ಲಿ ಸ್ವಲ್ಪ ಪಿಷ್ಟ ಗಟ್ಟಿಯಾಗಿ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ ಅನ್ನುವುದು ನಿಜವೇ. ಆದರೆ ಅದರ ಲಾಭ ಅಲ್ಪ. ಅದನ್ನೇ ನಂಬಿ ಎರಡು ಪಟ್ಟು ತಿನ್ನುವ ಹಾಗಿಲ್ಲ. ತಣ್ಣಗಿನ ಅನ್ನ ಇಡುವುದಾದರೆ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ಹೊರಗೇ ಬಿಟ್ಟರೆ ಅದರಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ತಿನ್ನುವ ಕ್ರಮದ ಬಗ್ಗೆಯೂ ಹೇಳಲೇಬೇಕು. 2015ರಲ್ಲಿ ನ್ಯೂಯಾರ್ಕಿನ ವೈದ್ಯರು 11 ಜನ ಟೈಪ್ 2 ರೋಗಿಗಳ ಮೇಲೆ ಒಂದು ಪುಟ್ಟ ಪ್ರಯೋಗ ಮಾಡಿದರು. ಊಟ ಅದೇ, ಪ್ರಮಾಣವೂ ಅದೇ. ತರಕಾರಿ ಮತ್ತು ಪ್ರೊಟೀನ್ ಮೊದಲು ತಿಂದು, ಕಾಲು ಗಂಟೆ ಬಿಟ್ಟು ಬ್ರೆಡ್ ತಿಂದಾಗ ಶುಗರ್ ಸಾಕಷ್ಟು ಕಡಿಮೆ ಏರಿತು. ಖರ್ಚಿಲ್ಲದ ಈ ಉಪಾಯ ನನಗೆ ತುಂಬ ಇಷ್ಟ. ಅನ್ನದ ಪಾತ್ರೆಯನ್ನು ಸ್ವಲ್ಪ ತಡವಾಗಿ ತಂದಿಟ್ಟರೆ ಸಾಕು. ಹಸಿದ ಮಕ್ಕಳು ಆಗ ತಾವಾಗಿಯೇ ತರಕಾರಿಗೆ ಕೈ ಹಾಕುತ್ತಾರೆ, ಯಾರೂ ಹೇಳಬೇಕಾಗಿಲ್ಲ. ಊಟ ಆದಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಇನ್ನೂ ಒಳ್ಳೆಯದು. ಸ್ನಾಯುಗಳು ಕೆಲಸ ಮಾಡುವಾಗ ಇನ್ಸುಲಿನ್ ಇಲ್ಲದೆಯೂ ಗ್ಲೂಕೋಸ್ ಒಳಗೆಳೆದುಕೊಳ್ಳುತ್ತವೆ.

ಸಿಹಿಯ ಮಾತು ಬಂದರೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಜೇನುತುಪ್ಪ, ಕಂದು ಸಕ್ಕರೆ ಇವೆಲ್ಲ ಸಕ್ಕರೆಯೇ, ರಕ್ತ ಇವುಗಳಲ್ಲಿ ಭೇದ ಮಾಡುವುದಿಲ್ಲ. "ಶುಗರ್ ಫ್ರೀ" ಅಂತ ಬರೆದ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲದಿರಬಹುದು, ಮೈದಾ ಇದ್ದೇ ಇರುತ್ತದೆ. ಪೊಟ್ಟಣದ ಹಿಂದೆ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು ಅಂತ ಓದಿ, ಮುಂದಿನ ದೊಡ್ಡ ಅಕ್ಷರಗಳನ್ನಲ್ಲ. ಕೃತಕ ಸಿಹಿ ಬಳಸುವವರು ಬಳಸಲಿ. ಆಸ್ಪರ್ಟೇಮ್ ಬಿಸಿಗೆ ಸಿಹಿ ಕಳೆದುಕೊಳ್ಳುತ್ತದೆ, ಸುಕ್ರಲೋಸ್ ಅಡುಗೆಗೆ ನಡೆಯುತ್ತದೆ. ನನಗೆ ಹಿಡಿಸುವ ದಾರಿ ಬೇರೆ: ಇಡೀ ಮನೆಯ ನಾಲಿಗೆಯನ್ನೇ ಕಡಿಮೆ ಸಿಹಿಗೆ ಹೊಂದಿಸುವುದು. ಕೇಕ್ ಮಾಡುವಾಗ ಹೇಳಿದ ಸಕ್ಕರೆಯಲ್ಲಿ ಕಾಲು ಭಾಗ ಬಿಟ್ಟರೆ ಬಹಳ ಸಲ ಯಾರಿಗೂ ಗೊತ್ತಾಗುವುದಿಲ್ಲ. ದಾಲ್ಚಿನ್ನಿ, ವೆನಿಲ್ಲಾ, ಚೆನ್ನಾಗಿ ಹಣ್ಣಾದ ಹಣ್ಣು ಇವು ಸಿಹಿಯ ಭಾವನೆ ಕೊಡುತ್ತವೆ. ಹಣ್ಣು ಹಣ್ಣಾಗಿಯೇ ಇರಲಿ, ರಸ ತೆಗೆದರೆ ನಾರು ಹೋಗಿ ಸಕ್ಕರೆ ನೀರು ಉಳಿಯುತ್ತದೆ. ಹಬ್ಬ ಹುಟ್ಟುಹಬ್ಬದಲ್ಲಿ ಸಿಹಿ ಮಾಡಿದರೆ ಅಪ್ಪನಿಗೂ ಕೊಡುತ್ತೇನೆ. ಊಟದ ಕೊನೆಗೆ, ಒಂದು ಚಿಕ್ಕ ತುಂಡು, ಆ ಹೊತ್ತಿನ ಅನ್ನದಲ್ಲಿ ಅಷ್ಟು ಕಡಿಮೆ ಮಾಡಿ. ಮೇಜಿನ ಸುತ್ತ ಕೂತವರು "ನೀವು ಇದನ್ನ ತಿನ್ನಬಾರದು" ಅಂತ ಜೋರಾಗಿ ಹೇಳುವುದು ನಮ್ಮ ಮನೆಯಲ್ಲಿ ನಡೆಯುವುದಿಲ್ಲ.

ಟೈಪ್ 1, ಅಂದರೆ ದೇಹ ಇನ್ಸುಲಿನ್ ಬಹುತೇಕ ತಯಾರಿಸದ ಥರದ ಶುಗರ್, ಇರುವ ಮಗು ಮನೆಯಲ್ಲಿದ್ದರೆ ಲೆಕ್ಕ ಬೇರೆ. ಅಲ್ಲಿ ತಿನ್ನುವ ಕಾರ್ಬೋಹೈಡ್ರೇಟ್‌ಗೆ ತಕ್ಕಂತೆ ಇನ್ಸುಲಿನ್ ಕೊಡುತ್ತಾರೆ. ಹಾಗಾಗಿ ತಟ್ಟೆಯಲ್ಲಿ ಎಷ್ಟು ಗ್ರಾಂ ಇದೆ ಅಂತ ಗೊತ್ತಿರಬೇಕು. ಆಗಲೂ ಒಂದೇ ಪಾತ್ರೆ ಸಾಕು. ಖಾಲಿ ಪಾತ್ರೆಯ ತೂಕ ನೋಡಿ ಬರೆದಿಟ್ಟುಕೊಳ್ಳಿ. ಹಾಕಿದ ಪದಾರ್ಥಗಳ ಒಟ್ಟು ಕಾರ್ಬೋಹೈಡ್ರೇಟ್ ಕೂಡಿಸಿ, 180 ಗ್ರಾಂ ಬಂತು ಅನ್ನೋಣ. ಅಡುಗೆ ಆದಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ಅಡುಗೆ 1500 ಗ್ರಾಂ ಇದ್ದರೆ ಪ್ರತಿ 100 ಗ್ರಾಂಗೆ 12 ಗ್ರಾಂ ಕಾರ್ಬೋಹೈಡ್ರೇಟ್. ಮಗುವಿಗೆ 250 ಗ್ರಾಂ ಬಡಿಸಿದರೆ 30 ಗ್ರಾಂ. ಅಣ್ಣ ತಿನ್ನುವುದನ್ನೇ ತಂಗಿಯೂ ತಿನ್ನುತ್ತಾಳೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರ ತಟ್ಟೆಯಲ್ಲಿ ಅನ್ನ ಒಮ್ಮೆಗೇ ಕಡಿಮೆ ಮಾಡಿದರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಊಟ ಬದಲಾಯಿಸುವ ಮುಂಚೆ ಡಾಕ್ಟರಿಗೆ ತಿಳಿಸಿ, ಔಷಧಿಯ ಪ್ರಮಾಣ ಬದಲಾಗಬೇಕಾಗಬಹುದು. ಶುಗರ್ 70ಕ್ಕಿಂತ (mg/dL) ಕೆಳಗೆ ಹೋದರೆ, ಅಥವಾ ನಡುಕ, ಬೆವರು, ಗಾಬರಿ ಕಾಣಿಸಿದರೆ, 15 ಗ್ರಾಂ ಬೇಗ ಕರಗುವ ಸಕ್ಕರೆ ಕೊಡಿ. ಅರ್ಧ ಕಪ್ ಹಣ್ಣಿನ ರಸ ಅಥವಾ ಒಂದು ಟೇಬಲ್ ಚಮಚ ಸಕ್ಕರೆ ಸಾಕು. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ತಕ್ಷಣ ವೈದ್ಯರ ನೆರವು ಕರೆಸಿ. ಎಚ್ಚರ ಇದ್ದರೆ ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಚಾಕೊಲೇಟ್ ಆ ಹೊತ್ತಿಗೆ ಸರಿಯಲ್ಲ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಬೇಳೆಕಾಳು, ಪ್ರೊಟೀನ್ ಎಷ್ಟು ಅನ್ನುವುದನ್ನೂ ಡಾಕ್ಟರೇ ಹೇಳಬೇಕು.

ಇಷ್ಟೆಲ್ಲ ಹೇಳಿದ್ದು ಅಡುಗೆ ಮಾಡುವವರು ಬೇರೆ, ಶುಗರ್ ಇರುವವರು ಬೇರೆ ಅನ್ನುವ ಹಾಗಾಯಿತು. ಎಷ್ಟೋ ಮನೆಗಳಲ್ಲಿ ಶುಗರ್ ಇರುವುದು ಅಡುಗೆ ಮಾಡುವವರಿಗೇ. ನಮ್ಮ ಚಿಕ್ಕಮ್ಮ ಹಾಗೆ. ಮನೆಯವರಿಗೆಲ್ಲ ಬಿಸಿಬಿಸಿ ಬಡಿಸಿ, ಕೊನೆಗೆ ಉಳಿದದ್ದನ್ನು ತಾವು ತಿನ್ನುತ್ತಿದ್ದರು. ತರಕಾರಿ ಅಷ್ಟರಲ್ಲಿ ಖಾಲಿ, ಅನ್ನ ಮಾತ್ರ ಉಳಿದಿರುತ್ತಿತ್ತು. ಮಾತ್ರೆ ತೆಗೆದುಕೊಂಡು ಒಂದು ಗಂಟೆ ಕಳೆದಿರುತ್ತಿತ್ತು. ಅಂಥವರಿಗೆ ಯಾವ ಪಟ್ಟಿ, ಯಾವ ಲೆಕ್ಕ ಕೊಟ್ಟರೂ ಉಪಯೋಗವಿಲ್ಲ. ಅವರಿಗೆ ಬೇಕಾಗಿದ್ದು ತರಕಾರಿ ಹೆಚ್ಚಿಕೊಡುವ ಇನ್ನೊಂದು ಜೊತೆ ಕೈ, ಮತ್ತು ಎಲ್ಲರ ಜೊತೆ ಅದೇ ಹೊತ್ತಿಗೆ ಕೂರುವ ಜಾಗ. ಈಗ ಅವರ ಮಗ ಹಿಂದಿನ ರಾತ್ರಿಯೇ ಮರುದಿನದ ತರಕಾರಿ ಹೆಚ್ಚಿ ಡಬ್ಬಿಗೆ ಹಾಕಿಡುತ್ತಾನೆ. ಚಿಕ್ಕಪ್ಪ ಬಡಿಸುತ್ತಾರೆ. ಚಿಕ್ಕಮ್ಮನ ಪಾಲಿನ ತರಕಾರಿ ಮೊದಲೇ ಅವರ ತಟ್ಟೆಗೆ ಹೋಗುತ್ತದೆ. ನಿಮ್ಮ ಮನೆಯಲ್ಲೂ ಅಡುಗೆ ಮಾಡುವವರಿಗೇ ಶುಗರ್ ಇದ್ದರೆ, ಹೊಸ ರೆಸಿಪಿ ಹುಡುಕುವ ಮುಂಚೆ ಅವರು ದಿನಾ ಎಷ್ಟು ಹೊತ್ತಿಗೆ ಊಟ ಮಾಡುತ್ತಾರೆ, ಅವರ ಪಾಲಿಗೆ ಏನು ಉಳಿದಿರುತ್ತದೆ ಅಂತ ಒಂದು ವಾರ ಗಮನಿಸಿ ನೋಡಿ.